ಫ್ಲಾಪಿಯೊಳಗಿನ ಬೀಗ

ಅವನು ಓದಿಬಿಟ್ಟಿದ್ದರೆ...? ಇಲ್ಲ, ಬೀಗ ಹಾಕಿದ ಫೈಲನ್ನು ಹೇಗೆ ಓದುತ್ತಾನೆ? ಆದರೆ ಕಂಪ್ಯೂಟರ್ ಕಲಿಸುವವನಿಗೆ ಪಾಸ್‌ವರ್ಡ್ ಮುರಿಯುವುದು ಯಾವ ದೊಡ್ಡ ಮಾತು... ಅಲ್ಲದಿದ್ದರೆ ಫ್ಲಾಪಿ ಕೊಡುವಾಗ ನಕ್ಕಿದ್ದೇಕೆ?

ವಿಶಾಖಾಳ ಕೈಯಲ್ಲಿ ಫ್ಲಾಪಿ ಬೆವರಿಗೆ ಜಾರುತ್ತಿತ್ತು.

2004ರ ಮಾತು. ಬಸವಕಲ್ಯಾಣದ ಬಸ್‌ಸ್ಟ್ಯಾಂಡ್ ಎದುರಿನ ಕಂಪ್ಯೂಟರ್ ಕ್ಲಾಸಿಗೆ ಅವಳು ತನ್ನ ಹಳ್ಳಿ ಕೊಹಿನೂರಿನಿಂದ ಬರುತ್ತಿದ್ದಳು. ಟೈಪಿಂಗ್ ಅಭ್ಯಾಸಕ್ಕೆಂದು ಶುರುವಾದ ಬರಹ ಯಾವಾಗಲೋ ಮನಸ್ಸಿನ ಮಾತಾಗಿ, ಅದಕ್ಕೊಂದು ಪಾಸ್‌ವರ್ಡ್ ಬಿದ್ದಿತ್ತು. ಅದರ ತುಂಬ ಇದ್ದವನು ಕಲಿಸುವ ಸಂಘರತ್ನನೇ.

ಕಳೆದ ವಾರ ಅವಳು ತೊಗರಿ ರಾಶಿಗೆಂದು ಊರಲ್ಲೇ ಉಳಿದಾಗ ಕಂಪ್ಯೂಟರಿಗೆ ವೈರಸ್ ಹತ್ತಿತ್ತು. ಎಲ್ಲ ಅಳಿಸುವ ಮೊದಲು ಅವನು ಅವಳ ಫೈಲನ್ನು ಫ್ಲಾಪಿಗೆ ಹಾಕಿಟ್ಟು, ಇವತ್ತು ಅವಳು ಬಂದಾಗ ಕೊಟ್ಟಿದ್ದ.

ಓದಿ ನಕ್ಕಿದ್ದರೆ ಇನ್ನು ಈ ಮೆಟ್ಟಿಲು ಹತ್ತುವುದಿಲ್ಲ...

ಪಕ್ಕದಲ್ಲಿ ಕೂತ ಗೆಳತಿ ಸರ್ವರಿ ಛೇಡಿಸಿದಳು. “ದಿನಾ ಒಂದೊಂದ ಅಕ್ಷರ ಗುನುಗಿಕೋತ ಕೀ ಒತ್ತೋಳು, ಇವತ್ತ ಯಾಕ ಬಾಯೇ ಇಲ್ಲ?”

ಎಲ್ಲರೂ ಹೋದ ಮೇಲೆ ವಿಶಾಖಾ ಕೇಳಿಯೇಬಿಟ್ಟಳು.

“ಸರ್, ಖರೇ ಹೇಳ್ರಿ. ಇದನ್ನ ತೆಗೆದು ಓದೀರೇನು?”

“ಇಲ್ರಿ.”

“ತೆಗೀಲಾಕ ಬರ್ತದಲ್ಲ ನಿಮಗ?”

“ಬರ್ತದ.” ಸಂಘರತ್ನ ಫ್ಲಾಪಿಯತ್ತ ಬೆರಳು ತೋರಿಸಿದ. “ಆದ್ರ ಬೀಗ ಹಾಕ್ದೋರು ನೀವು. ನೀವೇ ತೆಗೀಬೇಕು.”

ಯಾರೇ ಪಾಸ್‌ವರ್ಡ್ ಹಾಕುವಾಗಲೂ ಅವನು ಕಿಟಕಿಯತ್ತ ಮುಖ ತಿರುಗಿಸಿ ನಿಲ್ಲುತ್ತಿದ್ದುದು ಅವಳಿಗೆ ನೆನಪಾಯಿತು. ಅದು ತನ್ನ ಮೇಲಿನ ಅಲಕ್ಷ್ಯವೆಂದು ಎಷ್ಟು ನೊಂದಿದ್ದಳು...

“ಮತ್ತ ಯಾಕ ನಕ್ರಿ?”

“ವಾರ ಆದಮ್ಯಾಲ ಬಂದ್ರಿ. ನಗು ಬಂತು.”

ಅವಳು ಫ್ಲಾಪಿಯನ್ನು ಅವನತ್ತ ಸರಿಸಿದಳು. “ಹಾಕ್ರಿ. ಪಾಸ್‌ವರ್ಡ್ ಘಾಟಬೋರಾಳ.”

ಅವನ ಬೆರಳು ಕೀಗಳ ಮೇಲೆಯೇ ನಿಂತಿತು. “ನಮ್ಮೂರು? ಯಾಕ್ರಿ?”

“ಅಲ್ಲಿಗಿ ಸೊಸಿ ಆಗಿ ಹೋಗಬೇಕಂತ...” ಅವಳು ತಲೆ ತಗ್ಗಿಸಿದಳು. “ಕರ್ಕೊಂಡು ಹೋಗ್ತೀರೇನು?”

ಅವನು ಕೀಗಳ ಮೇಲಿನ ಕೈ ತೆಗೆದ. ಆಮೇಲೆ ಮೆಲ್ಲಗೆ ಕೇಳಿದ.

“ಹುಮನಾಬಾದಿನಾಗ ಬಸ್ ಬದಲಿಸಬೇಕಾಗ್ತದ. ನಡೀತದೇನ್ರಿ?”

“ನಡೀತದ್ರಿ.”

ಮದುವೆಯಾಗಿ ವರ್ಷಗಳು ಕಳೆದವು. ಅವಳು ಗುನುಗುತ್ತ ಒತ್ತಿದ ಪಾಸ್‌ವರ್ಡಿನ ಆ ಅಕ್ಷರಗಳು, ಕಿಟಕಿಯ ಬಳಿ ನಿಂತಿದ್ದ ತನಗೆ ಅದನ್ನು ಹಾಕಿದ ಮೊದಲ ದಿನವೇ ಕೇಳಿಸಿದ್ದವು ಎಂಬುದನ್ನು ಅವನು ಎಂದೂ ಹೇಳಲಿಲ್ಲ.