ಕೈ ಬಿಟ್ಟವನ ಭುಜ

“ಅಂಗಿ ತೆಗಿ.”

ಹುಲಗೆಮ್ಮ ಅವನ ಮುಖ ನೋಡದೆ ಹೇಳಿದಳು. ಗ್ಯಾನಪ್ಪ ಅಂಗಿ ಕಳಚಿ ಬೆನ್ನು ತಿರುಗಿಸಿ ಕುಳಿತ.

೧೯೪೪ರ ಆ ಮಳೆಗಾಲದಲ್ಲಿ, ಆನೆಗೊಂದಿಯ ಹತ್ತಿರ ಅವನ ಹರಗೋಲು ಕಲ್ಲಿಗೆ ಬಡಿದು ಮಗುಚಿತ್ತು. ಹುಲಗೆಮ್ಮನ ಅಣ್ಣ ಹುಚ್ಚೀರಪ್ಪ ಹೊಳೆಯ ಪಾಲಾದ. ಗ್ಯಾನಪ್ಪನೇ ಅವನ ಕೈ ಬಿಟ್ಟನೆಂದು ಊರು ಆಡಿಕೊಂಡಿತು. ಗ್ಯಾನಪ್ಪನ ಜೊತೆ ಗೊತ್ತಾಗಿದ್ದ ಲಗ್ನವನ್ನು ಹುಲಗೆಮ್ಮ ಮುರಿದುಬಿಟ್ಟಳು.

ಅಂದಿನಿಂದ ಅವನ ಬಲಭುಜ ಬಿಗಿದುಕೊಂಡಿತ್ತು. ಹರಗೋಲಿನ ಹುಟ್ಟು ಎತ್ತಲೂ ಆಗದು. ಇಂಥ ನೋವಿಗೆ ಗಿಂಡಿ ಹಚ್ಚಿ ಬಿಗು ಬಿಡಿಸುತ್ತಿದ್ದವಳು ಹುಲಗೆಮ್ಮನ ಅವ್ವ ಮುದುಕವ್ವ. ಮಗ ಹೋದ ಮೇಲೆ ಅವಳು ಗಿಂಡಿ ಮುಟ್ಟಿರಲಿಲ್ಲ.

“ನೀನ ಹಚ್ಚವ್ವಾ... ನೋವಂತ ಬಂದವ್ರನ್ನ ಹೊಳ್ಳಿ ಕಳಸಬಾರ್ದು,” ಎಂದು ಅವ್ವ ಒಳಗೆ ಹೋಗಿದ್ದಳು.

ಹುಲಗೆಮ್ಮ ಎಣ್ಣೆ ಸವರಿದಳು. ಹಿತ್ತಾಳೆ ಗಿಂಡಿಯೊಳಗೆ ಅರಳೆ ಉರಿಸಿ ಭುಜದ ಮೇಲೆ ಕವುಚಿದಳು. ಉರಿ ಆರಿತು. ಚರ್ಮ ಉಬ್ಬಿ ಗಿಂಡಿಯನ್ನು ಕಚ್ಚಿ ಹಿಡಿಯಿತು. ಅವನು ಹಲ್ಲು ಕಚ್ಚಿದ.

‘ನೋಯಲಿ! ನನ್ನಣ್ಣಗ ಎಷ್ಟ ನೋವಾಗಿತ್ತೋ...’

“ಹುಲಗೆಮ್ಮಾ!”

ಬಾಗಿಲಲ್ಲಿ ಕಾಸೀಮಬೀ, ಕಂಕುಳಲ್ಲಿ ಕೂಸು. ಅಂದು ಅದೇ ಹರಗೋಲಿನಲ್ಲಿದ್ದವಳು. ಆಮೇಲೆ ಜ್ವರ ಹಿಡಿದು ಗಂಗಾವತಿಯ ತವರಿನಲ್ಲಿ ಮಲಗಿ, ಈಗಷ್ಟೇ ಮರಳಿದ್ದಳು.

“ಲಗ್ನ ಮುರಿದಿ ಅಂತ ಕೇಳಿ ಓಡಿ ಬಂದೆ ತಂಗೀ. ನಾ ಕಲ್ಲು ತಬ್ಕೊಂಡು ಕಣ್ಣಾರೆ ನೋಡೀನಿ. ಒಂದ ಕೈಯಾಗ ನನ್ನ ಕೂಸು, ಇನ್ನೊಂದ್ರಾಗ ನಿಮ್ಮಣ್ಣ... ಅಂಥಾ ಸೆಳವಿನ್ಯಾಗೂ ಇವ ಬಿಟ್ಟಿರ್ಲಿಲ್ಲ! ‘ಎಲ್ಲಾರೂ ಸಾಯ್ತೀವಿ, ಕೂಸಿನ್ನ ಉಳಸೋ’ ಅಂತ ನಿಮ್ಮಣ್ಣ ತಾನಾಗೇ ಕೈ ಕೊಸರಿಕೊಂಡ...”

ಒಳಗೆ ಮುದುಕವ್ವ ಬಿಕ್ಕುವುದು ಕೇಳಿಸಿತು.

“ಯಾಕ... ಯಾಕ ಹೇಳಲಿಲ್ಲ?” ಹುಲಗೆಮ್ಮ ಗ್ಯಾನಪ್ಪನನ್ನು ಕೇಳಿದಳು.

“ಏನಂತ ಹೇಳ್ಲಿ ಹುಲಗಿ? ತಪ್ಪು ಸತ್ತವನ ಮ್ಯಾಲ ಹಾಕಿದ ಅಂತಿದ್ರು. ಮತ್ತೊಮ್ಮೆ ಹಿಡೀಬೇಕಿತ್ತು ನಾ... ಕೈಗೆ ಸಿಗಲಿಲ್ಲ.”

ಅವಳು ಗಿಂಡಿಯ ಅಂಚನ್ನು ಬೆರಳಿನಿಂದ ಒತ್ತಿ ಬಿಡಿಸಿದಳು. ಭುಜದ ಮೇಲೆ ನೇರಳೆ ಬಣ್ಣದ ದುಂಡನೆಯ ಗುರುತು ಎದ್ದಿತ್ತು. ಅದರ ಮೇಲೆ ಅಂಗೈ ಇಟ್ಟಳು. ಅಣ್ಣ ಸತ್ತಾಗಲೂ ಬಾರದ ಅಳು ಆಗ ಒತ್ತರಿಸಿ ಬಂತು!

“ಅಳಬ್ಯಾಡ. ಈ ತೋಳು ಮೊದಲಿನಂಗ ಆಗ್ತೈತೋ ಇಲ್ಲೋ... ಇಂಥಾವನ್ನ ಕಟ್ಕೊಂಡು ಏನ ಮಾಡ್ತಿ?”

“ಬಿಗು ಬಿಡೂತನಕ ಗಿಂಡಿ ಹಚ್ತೀನ್ರಿ.”

“ಬಿಡದಿದ್ರ?”

“ಹುಟ್ಟು ನಾ ಹಾಕ್ತೀನ್ರಿ. ಕಲ್ಲು ಎಲ್ಲೆಲ್ಲಿ ಅದಾವಂತ ನೀವು ಮುಂದ ಕುಂತು ತೋರಸ್ರಿ...”