ನಾಲ್ಕನೇ ರಿಸೀವರ್

2025ರ ಫೆಬ್ರವರಿ 16, ಭಾನುವಾರ. ಬೆಳಿಗ್ಗೆ 10.40ಕ್ಕೆ ಜಗದೀಶ್ ಎಂಬ ಸೌಂಡ್ ಎಂಜಿನಿಯರ್ ಇಂದಿರಾನಗರ ಪೊಲೀಸ್ ಠಾಣೆಗೆ ಬಂದು ಕಳವಿನ ದೂರು ಕೊಟ್ಟರು. ಹಿಂದಿನ ಸಂಜೆ ನೂರಡಿ ರಸ್ತೆಯ ಹಿಂಭಾಗದ ಸಭಾಂಗಣವೊಂದರಲ್ಲಿ ಗಾಯಕಿ ಮೆಹ್ವಿಶ್ ಅವರ ಲೈವ್ ಕಾರ್ಯಕ್ರಮ ನಡೆದಿತ್ತು. ಎರಡು ಸಾವಿರ ಜನ ಸೇರಿದ್ದರು. ಎಲ್ಲ ಮುಗಿದು ಸಾಮಾನು ಕಟ್ಟುವಾಗ ನಾಲ್ಕು ರಿಸೀವರ್‌ಗಳಲ್ಲಿ ಒಂದು ಕಾಣೆಯಾಗಿತ್ತು.

ಇನ್‌ಸ್ಪೆಕ್ಟರ್ ಆಬಿದಾ ಬೇಗಂ ದೂರನ್ನು ಎರಡು ಸಲ ಓದಿ, ರಿಸೀವರ್ ಎಂದರೇನು ಎಂದು ಕೇಳಿದರು. ಜಗದೀಶ್ ಕೈಯಲ್ಲೇ ಅಳತೆ ತೋರಿಸಿ ವಿವರಿಸಿದರು. ಇಸ್ಪೀಟ್ ಪ್ಯಾಕಿನಷ್ಟು ದೊಡ್ಡ ಪೆಟ್ಟಿಗೆ ಅದು. ಹಾಡುವವರು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಅದರ ವೈರನ್ನು ಕಿವಿಗೆ ಹಾಕಿಕೊಳ್ಳುತ್ತಾರೆ. ಜನರ ಗದ್ದಲ ಎಷ್ಟೇ ಇರಲಿ, ತಮ್ಮ ದನಿ ತಮಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಕಳುವಾದದ್ದು ನಾಲ್ಕನೆಯದು, ಮೆಹ್ವಿಶ್ ಅವರಿಗಾಗಿ ಇಟ್ಟಿದ್ದ ಹೆಚ್ಚುವರಿ ರಿಸೀವರ್.

"ಯಾರ ಮೇಲಾದ್ರೂ ಅನುಮಾನ ಇದ್ಯಾ?"

ರಿಸೀವರ್‌ಗಳನ್ನಿಟ್ಟ ಪೆಟ್ಟಿಗೆ ವಕಾರ್ ಸುಪರ್ದಿನಲ್ಲಿತ್ತು ಎಂದರು ಜಗದೀಶ್. ವಕಾರ್, ವಯಸ್ಸು ಮೂವತ್ತಾರು, ಶಿವಾಜಿನಗರದವನು, ಎಂಟು ವರ್ಷಗಳಿಂದ ತಂಡದ ವೇದಿಕೆ ಕೆಲಸ ನೋಡಿಕೊಳ್ಳುತ್ತಿದ್ದವನು. ಸೌಂಡ್ ಕಂಪನಿಯ ಮಾಲೀಕರು ಆ ಬೆಳಿಗ್ಗೆಯೇ ಅವನಿಗೆ ಕೆಲಸಕ್ಕೆ ಬರಬೇಡ ಎಂದು ಹೇಳಿಯಾಗಿತ್ತು.

11.30ಕ್ಕೆ ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಒಂದು ಗಂಟೆಗೆ ಆಬಿದಾ, ಹೆಡ್ ಕಾನ್‌ಸ್ಟೆಬಲ್ ಪಿಳ್ಳಪ್ಪ ಮತ್ತು ಕಾನ್‌ಸ್ಟೆಬಲ್ ಭವ್ಯ ಸಭಾಂಗಣಕ್ಕೆ ಹೋದರು. ಇಬ್ಬರು ಪಂಚರ ಎದುರು ಸ್ಥಳ ಪಂಚನಾಮೆ ನಡೆಯಿತು. ಕಪ್ಪು ಪೆಟ್ಟಿಗೆಯೊಳಗೆ ಸ್ಪಂಜಿನಲ್ಲಿ ಕೊರೆದ ನಾಲ್ಕು ಗೂಡುಗಳಿದ್ದವು, ನಾಲ್ಕನೆಯದು ಖಾಲಿ. ಅದರ ಪಕ್ಕದಲ್ಲೇ ಒಂದು ಪುಟ್ಟ ಡಬ್ಬಿಯಲ್ಲಿ ಮೆಹ್ವಿಶ್ ಅವರ ಕಿವಿಯ ಅಚ್ಚು ತೆಗೆದು ಮಾಡಿಸಿದ ಇಯರ್‌ಫೋನ್ ಹಾಗೆಯೇ ಇತ್ತು. ಎರಡರಲ್ಲಿ ಅದೇ ಹೆಚ್ಚು ಬೆಲೆಯದು ಎಂದು ಜಗದೀಶ್ ಹೇಳಿದಾಗ ಆಬಿದಾ ಅದನ್ನು ಪಂಚನಾಮೆಯಲ್ಲಿ ಬರೆಸಿದರು.

ಕಾರ್ಯಕ್ರಮ ಮುಗಿದ ಮೇಲಿನ ಸಿಸಿಟಿವಿ ದೃಶ್ಯಗಳನ್ನು ಪಿಳ್ಳಪ್ಪ ಸಂಜೆಯವರೆಗೂ ನೋಡಿದರು. ಹೊರಗಿನವರು ಯಾರೂ ವೇದಿಕೆಯ ಹತ್ತಿರ ಸುಳಿದಿರಲಿಲ್ಲ.

ಸೋಮವಾರ ವಕಾರ್ ಠಾಣೆಗೆ ಬಂದ. ಮಧ್ಯಾಹ್ನ ಮೂರು ಗಂಟೆಗೆ ತಾನೇ ನಾಲ್ಕನ್ನೂ ಪರೀಕ್ಷಿಸಿ, ಮೂರನ್ನು ತಂಡಕ್ಕೆ ಕೊಟ್ಟು ನಾಲ್ಕನೆಯದನ್ನು ಪೆಟ್ಟಿಗೆಯಲ್ಲಿಟ್ಟೆ, ಐದು ಗಂಟೆಯ ಹೊತ್ತಿಗೆ ನಮಾಜಿಗೆ ಹೋಗಿ ಬಂದೆ, ಆಮೇಲೆ ಪೆಟ್ಟಿಗೆ ಬಿಚ್ಚುವ ಅಗತ್ಯ ಬರಲಿಲ್ಲ ಎಂದ. ಆ ಹೊತ್ತಿನಲ್ಲಿ ಬೇರೆ ಯಾರಾದರೂ ಬಂದಿದ್ದರೇ ಎಂಬ ಪ್ರಶ್ನೆಗೆ ಇಲ್ಲ ಎಂದು ತಲೆಯಾಡಿಸಿದ. ತಲೆಯಾಡಿಸುವ ಮುನ್ನ ತಡಮಾಡಿದ್ದನ್ನು ಆಬಿದಾ ಗಮನಿಸಿದರು. ಮಂಗಳವಾರವೂ ಅವನು ಬಂದು ಬೆಂಚಿನ ಮೇಲೆ ಕೂತ. ಅವನ ತಾಯಿ ಕಮರುನ್ನೀಸಾ ಠಾಣೆಯ ಬಾಗಿಲಿಗೆ ಬಂದು, ಆಬಿದಾರ ಜೊತೆ ದಖ್ನಿ ಉರ್ದುವಿನಲ್ಲಿ ಮಾತಾಡಿದರು. ಮಗ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ, ಅವನು ಕದಿಯುವವನಲ್ಲ, ಆದರೆ ಏನನ್ನೋ ನುಂಗಿಕೊಂಡಿದ್ದಾನೆ ಎಂದರು.

ಅದೇ ದಿನ ಜಗದೀಶ್ ಮತ್ತೊಮ್ಮೆ ಬಂದರು. ಕದ್ದವನು ಅದನ್ನು ಎಲ್ಲಿ ಮಾರಬಹುದು ಎಂದು ಆಬಿದಾ ಕೇಳಿದರು.

"ಮಾರಕ್ಕಾಗಲ್ಲ ಮೇಡಂ. ನಮ್ಮ ಟ್ರಾನ್ಸ್‌ಮಿಟರ್ ಹತ್ರ ಇದ್ರೆ ಮಾತ್ರ ಅದು ಕೆಲ್ಸ ಮಾಡೋದು. ಶೋ ನಡೀತಿರುವಾಗ, ಅದೇ ಹಾಲ್‌ನಲ್ಲಿ. ಹೊರಗೆ ತಗೊಂಡು ಹೋದ್ರೆ ಅದು ಬರೀ ಡಬ್ಬ."

ಆಬಿದಾ ಪೆನ್ನು ಕೆಳಗಿಟ್ಟರು. ಹಾಗಿದ್ದರೆ ಕಳವು ನಡೆದದ್ದು ಕಾರ್ಯಕ್ರಮದ ನಂತರವಲ್ಲ, ಮುಂಚೆ. ಕಾರ್ಯಕ್ರಮಕ್ಕೆ ಮುಂಚಿನ ಸಿಸಿಟಿವಿ ದೃಶ್ಯಗಳನ್ನೂ ಕಳಿಸುವಂತೆ ಸಭಾಂಗಣದವರಿಗೆ ಹೇಳಿದರು. ಗಾಯಕಿಯ ದನಿಯನ್ನು ಶುದ್ಧವಾಗಿ ಹಿಡಿದು ಇಂಟರ್‌ನೆಟ್‌ನಲ್ಲಿ ಬಿಡುವ ಆಸೆಯಿಂದ ಯಾರಾದರೂ ಮಾಡಿರಬಹುದೆಂದು ಸೈಬರ್ ವಿಭಾಗಕ್ಕೆ ಪತ್ರ ಹೋಯಿತು. ಅಂಥ ಧ್ವನಿಮುದ್ರಣ ಎಲ್ಲೂ ಇಲ್ಲ ಎಂದು ಬುಧವಾರ ಬೆಳಿಗ್ಗೆ ಉತ್ತರ ಬಂತು. ಅಷ್ಟು ದೊಡ್ಡ ಸ್ಪೀಕರ್‌ಗಳಿದ್ದರೂ ಒಳಗೆ ಕೂತವನಿಗೆ ಈ ಡಬ್ಬ ಯಾಕೆ ಬೇಕಿತ್ತು ಎಂದು ಪಿಳ್ಳಪ್ಪ ಕೇಳಿದರು. ಆಬಿದಾರಿಗೂ ಅದೇ ಪ್ರಶ್ನೆ ಇತ್ತು.

ಬುಧವಾರ 11.20ಕ್ಕೆ ಫ್ರೇಜರ್ ಟೌನಿನ ಮನೆಯಲ್ಲಿ ಮೆಹ್ವಿಶ್ ಅವರ ಹೇಳಿಕೆ ಪಡೆಯಲಾಯಿತು. ಭವ್ಯ ಬರೆದುಕೊಳ್ಳುತ್ತಿದ್ದಳು. ಅವಳೂ ಮೆಹ್ವಿಶ್ ಅಭಿಮಾನಿ. ಶನಿವಾರದ ಟಿಕೆಟ್ ಕೊಂಡಿದ್ದರೂ ಬಂದೋಬಸ್ತ್ ಕೆಲಸ ಬಿದ್ದು ಹೋಗಲಾಗಿರಲಿಲ್ಲ. ಆ ಮಾತನ್ನು ಅವಳು ಅಲ್ಲಿ ಹೇಳಲಿಲ್ಲ.

ಆ ಸಂಜೆ ಕಿವಿಯಲ್ಲಿ ಏನೇನು ಕೇಳಿಸುತ್ತಿತ್ತು ಎಂದು ಆಬಿದಾ ಕೇಳಿದರು. ತನ್ನ ದನಿ, ತಾಳ, ವಾದ್ಯ, ನಡುವೆ ತಂಡದವರೊಡನೆ ಆಡಿದ ಮಾತು ಎಂದರು ಮೆಹ್ವಿಶ್.

"ಏನು ಮಾತು?"

"ಗಂಟಲು ಕಟ್ಟಿತ್ತು. ಬಿಸಿನೀರು ಕೇಳ್ದೆ, ಮೂರು ಸಲ. ಇಂಟರ್ವಲ್ ತನಕ ಬರ್ಲಿಲ್ಲ."

"ಜನಕ್ಕೆ ಕೇಳಿಸಿರಬಹುದಾ?"

"ಇಲ್ಲ. ಕಾಲ ಹತ್ರ ಒಂದು ಸ್ವಿಚ್ ಇರುತ್ತೆ. ಅದನ್ನ ಒತ್ತಿದ್ರೆ ನನ್ನ ಮಾತು ನಮ್ಮವರ ಕಿವಿಗೆ ಮಾತ್ರ."

ಭವ್ಯಳ ಪೆನ್ನು ನಿಂತಿತು. ಜೀಪು ಹತ್ತಿದ ಮೇಲೆ ಅವಳು ತನ್ನ ಮೊಬೈಲ್ ತೆಗೆದು, ಅಭಿಮಾನಿಗಳ ವಾಟ್ಸಾಪ್ ಗುಂಪಿನ ಒಂದು ಸಂದೇಶವನ್ನು ಆಬಿದಾಗೆ ತೋರಿಸಿದಳು. ಫೆಬ್ರವರಿ 15, ರಾತ್ರಿ 8.55. 'ನಮ್ಮ ಮೇಡಂ ಮೂರು ಸಲ ಬಿಸಿನೀರು ಕೇಳಿದರೂ ಇಂಟರ್ವಲ್ ತನಕ ಕೊಡಲಿಲ್ಲ. ಕಾರ್ಯಕ್ರಮ ಮಾಡುವವರಿಗೆ ಅಷ್ಟೂ ಕಾಳಜಿ ಬೇಡವೇ? ಆದರೂ ಎಷ್ಟು ಚೆನ್ನಾಗಿ ಹಾಡಿದರು!'

"ಶೋಗೆ ಹೋಗಕ್ಕಾಗ್ಲಿಲ್ಲ ಅಂತ ಹೋದೋರು ಬರೆದಿದ್ದನ್ನೆಲ್ಲ ಕೂತು ಓದಿದ್ದೆ ಮೇಡಂ," ಎಂದಳು ಭವ್ಯ. "ಇದು ನೆನಪಲ್ಲಿ ಉಳೀತು."

ಬರೆದವನು ಕೆಂಪರಾಜ್. ಟಿನ್ ಫ್ಯಾಕ್ಟರಿ ಬಳಿಯ ಹಳೆಯ ಊರಿನವನು, ವಯಸ್ಸು ನಲವತ್ನಾಲ್ಕು. ತಾತ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅವನ ಬಾಡಿಗೆ ಮನೆಗಳಿದ್ದವು. ನಗರದಲ್ಲಿ ಯಾವ ಸಂಗೀತ ಕಾರ್ಯಕ್ರಮವಿದ್ದರೂ ಮುಂದಿನ ಸಾಲಿನಲ್ಲಿ ಅವನಿರುತ್ತಿದ್ದನೆಂದು ಗುಂಪಿನಲ್ಲಿ ಅವನಿಗೆ ಫಸ್ಟ್ ರೋ ಕೆಂಪಣ್ಣ ಎಂದೇ ಹೆಸರು.

ಮಧ್ಯಾಹ್ನ ಪಿಳ್ಳಪ್ಪ ಸಿಸಿಟಿವಿಯನ್ನು ಮತ್ತೆ ನೋಡಿದರು, ಈ ಸಲ ಸಭಾಂಗಣದವರು ಕಳಿಸಿದ್ದ, ಕಾರ್ಯಕ್ರಮಕ್ಕೆ ಮುಂಚಿನದು. 4.52ಕ್ಕೆ ವೇದಿಕೆಯ ಹಿಂಬಾಗಿಲಲ್ಲಿ ಕೆಂಪರಾಜ್ ಸಮೋಸದ ಪೊಟ್ಟಣಗಳೊಂದಿಗೆ ನಿಂತಿದ್ದ. ಬಾಗಿಲು ತೆಗೆದವನು ವಕಾರ್. 4.55ಕ್ಕೆ ವಕಾರ್ ಒಬ್ಬನೇ ಹೊರಗೆ ಹೋದ. ಇನ್ನೊಂದು ಕ್ಯಾಮರಾದಲ್ಲಿ ಕಾರ್ಯಕ್ರಮದ ಹೊತ್ತಿನ ಸಭಾಂಗಣವಿತ್ತು. ಸುತ್ತಲಿನವರೆಲ್ಲ ಎದ್ದು ನಿಂತು ಮೊಬೈಲ್ ಎತ್ತಿ ಹಿಡಿದಿದ್ದರು. ಅವರ ನಡುವೆ ಕೆಂಪರಾಜ್ ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ ಕೂತಿದ್ದ. ಇಡೀ ಎರಡು ಗಂಟೆ ಅವನು ಏಳಲಿಲ್ಲ.

ಆಬಿದಾ ವಕಾರ್‌ನನ್ನು ಒಳಗೆ ಕರೆಸಿದರು.

"ನಾಲ್ಕು ಐವತ್ತೆರಡಕ್ಕೆ ಯಾರಿಗೆ ಬಾಗಿಲು ತೆಗೆದೆ?"

ವಕಾರ್ ನೆಲ ನೋಡಿದ. "ಕೆಂಪಣ್ಣಂಗೆ."

"ಸೋಮವಾರವೇ ಯಾಕೆ ಹೇಳ್ಲಿಲ್ಲ?"

"ಅವ್ರು ತಗೊಂಡಿರಲ್ಲ ಮೇಡಂ. ಅಮ್ಮ ಆಸ್ಪತ್ರೇಲಿದ್ದಾಗ ಹದಿನೈದು ದಿನ ಊಟ ತಂದ್ಕೊಟ್ಟೋರು ಅವ್ರು. ಹೆಸರು ಹೇಳಿದ್ರೆ ನೀವು ಅವ್ರನ್ನೂ ಕರೆಸಿ ಇಲ್ಲಿ ಕೂರಿಸ್ತೀರ."

ಆಬಿದಾ ಹೆಡ್‌ಫೋನಿನ ದೃಶ್ಯವನ್ನು ತೋರಿಸಿದರು. ವಕಾರ್ ಪರದೆಗೆ ಹತ್ತಿರ ಬಾಗಿ ನೋಡಿದ. ಮೂರು ತಿಂಗಳ ಹಿಂದೆ ಒಂದು ಮಧ್ಯಾಹ್ನ, ಮೆಹ್ವಿಶ್ ವೇದಿಕೆಯಲ್ಲಿ ಮೈಕ್ ಪರೀಕ್ಷಿಸುತ್ತಿದ್ದಾಗ, ತಮಾಷೆಗೆಂದು ಆ ರಿಸೀವರಿನ ವೈರನ್ನು ಕೆಂಪಣ್ಣನ ಕಿವಿಗೆ ಹಾಕಿದ್ದಾಗಿ ಹೇಳಿದ. ಹತ್ತು ಸೆಕೆಂಡೂ ಇರಲಿಲ್ಲವಂತೆ. ಕೆಂಪಣ್ಣನ ಕಣ್ಣಲ್ಲಿ ನೀರು ಬಂತು. ಆಮೇಲೆ ಒಂದು ಶೋ ಮಟ್ಟಿಗೆ ಕೊಡು ಎಂದು ಕೇಳಿದ್ದ. ಕೆಲಸ ಹೋಗುತ್ತೆ ಅಣ್ಣ ಎಂದು ವಕಾರ್ ನಕ್ಕು ಸುಮ್ಮನಾಗಿದ್ದ.

ಫೆಬ್ರವರಿ 20, ಗುರುವಾರ ಬೆಳಿಗ್ಗೆ 11.30ಕ್ಕೆ ಆಬಿದಾ, ಪಿಳ್ಳಪ್ಪ, ಭವ್ಯ ಇಬ್ಬರು ಪಂಚರೊಂದಿಗೆ ಕೆಂಪರಾಜ್ ಮನೆಗೆ ಹೋದರು. ಬಾಗಿಲು ತೆರೆದವಳು ಅವನ ಹೆಂಡತಿ ಯಮುನಾ. ಸೋಫಾದಲ್ಲಿದ್ದ ಕೆಂಪರಾಜ್ ಸಮವಸ್ತ್ರ ಕಂಡಾಗಲೇ ಎದ್ದು ನಿಂತ. ಗೋಡೆಯ ತುಂಬ ಗಾಜಿನ ಚೌಕಟ್ಟುಗಳಲ್ಲಿ ಟಿಕೆಟ್‌ಗಳು, ಕೈಪಟ್ಟಿಗಳು, ಬಣ್ಣ ಮಾಸಿದ ಪಾಸುಗಳು.

ಆಬಿದಾ ಗೋಡೆಗೆ ಮುಖ ಮಾಡಿ, ಇವುಗಳಲ್ಲಿ ಮೊದಲನೆಯದು ಯಾವುದು ಎಂದು ಕೇಳಿದರು. ಉತ್ತರ ಬರಲಿಲ್ಲ. ಮತ್ತೆ ಕೇಳಿದರು. ಆಗಲೂ ಇಲ್ಲ.

"ಅವ್ರು ಹಾಗೇ ಮೇಡಂ," ಎಂದಳು ಯಮುನಾ. "ಎರಡು ವರ್ಷ ಆಯ್ತು. ನಾಲ್ಕು ಸಲ ಕರೆದ್ರೆ ಒಂದ್ಸಲ ತಿರುಗ್ತಾರೆ. ನನ್ನ ಮೇಲೆ ಏನೋ ಕೋಪ. ಏನು ಅಂತ ಹೇಳೋದೂ ಇಲ್ಲ."

ಆಬಿದಾ ತಿರುಗಿ ಕೆಂಪರಾಜ್‌ನ ಎದುರು ನಿಂತು ಅದೇ ಪ್ರಶ್ನೆ ಕೇಳಿದರು. ಅವನ ಕಣ್ಣು ಅವರ ತುಟಿಯ ಮೇಲಿತ್ತು. ತಕ್ಷಣ ಉತ್ತರ ಬಂತು.

"ಹಲಸೂರು. ಎರಡು ಸಾವಿರದ ನಾಲ್ಕು, ರಾಜ್ಯೋತ್ಸವದ ಆರ್ಕೆಸ್ಟ್ರಾ. ರಸ್ತೇಲೇ ಸ್ಟೇಜ್ ಹಾಕಿದ್ರು, ಟಿಕೆಟ್ ಇರ್ಲಿಲ್ಲ, ಪಾಸ್ ಅಷ್ಟೆ. ಅವತ್ತೇ ಮೊದ್ಲು ಮೆಹ್ವಿಶ್ ಮೇಡಂ ಹಾಡಿದ್ದು ಕೇಳಿದ್ದು."

"ನಿಮಗೆ ಕಿವಿ ಕೇಳಿಸಲ್ಲ, ಅಲ್ವಾ?"

ಯಮುನಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಕೆಂಪರಾಜ್ ಅವಳ ಕಡೆ ನೋಡಲಿಲ್ಲ. ಕೋಣೆಗೆ ಹೋಗಿ, ಬಿಳಿ ಟವೆಲ್‌ನಲ್ಲಿ ಸುತ್ತಿದ್ದ ರಿಸೀವರ್ ತಂದು ಮೇಜಿನ ಮೇಲಿಟ್ಟ. ಭವ್ಯ ಮೊಬೈಲ್‌ನಲ್ಲಿ ಚಿತ್ರೀಕರಿಸಿದಳು. ಪಿಳ್ಳಪ್ಪ ಜಪ್ತಿ ಪಂಚನಾಮೆ ಬರೆದರು. ಪಂಚರು ಸಹಿ ಹಾಕಿದ ಮೇಲೆ 12.25ಕ್ಕೆ ಕೆಂಪರಾಜ್‌ನನ್ನು ಬಂಧಿಸಲಾಯಿತು. ಬಂಧನದ ವಿಷಯವನ್ನು ಬರಹದಲ್ಲಿ ಯಮುನಾಳ ಕೈಗೆ ಕೊಟ್ಟಾಗ ಅವಳು ಅದನ್ನು ಓದದೆ ಮಡಿಸಿ ಹಿಡಿದುಕೊಂಡಳು.

ಠಾಣೆಯಲ್ಲಿ ಅವನು ಏನನ್ನೂ ಮುಚ್ಚಿಡಲಿಲ್ಲ. ಎರಡು ವರ್ಷದ ಹಿಂದೆ ಬಲಗಿವಿ ಮಂದವಾಗಿತ್ತು, ಆಮೇಲೆ ಎಡಗಿವಿ. ನರ ಒಣಗುತ್ತಿದೆ, ಉಳಿದದ್ದೂ ವರ್ಷದೊಳಗೆ ಹೋಗಬಹುದು ಎಂದು ವೈದ್ಯರು ಹೇಳಿದ್ದರು. ಕಿವಿಯ ಯಂತ್ರ ಕೊಂಡಿದ್ದ. ಸಭಾಂಗಣದಲ್ಲಿ ಅದನ್ನು ಹಾಕಿಕೊಂಡರೆ ಜನರ ಕೂಗು, ಕುರ್ಚಿಯ ಸದ್ದು, ಡ್ರಮ್ ಎಲ್ಲ ಒಂದೇ ರಾಶಿಯಾಗಿ ಬೀಳುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಟಿಕೆಟ್ ಕೊಳ್ಳುವುದನ್ನೂ ಬಿಟ್ಟಿರಲಿಲ್ಲ.

"ಸ್ಪೀಕರ್ ಕೆಳಗೆ ಕೂತ್ರೆ ಎದೆ ನಡುಗುತ್ತೆ ಮೇಡಂ, ಹಾಡು ಮಾತ್ರ ಬರಲ್ಲ. ಪಕ್ಕದೋರು ಚಪ್ಪಾಳೆ ಹೊಡೆದಾಗ ನಾನೂ ಹೊಡೀತಿದ್ದೆ. ಯಾವ ಹಾಡು ಮುಗೀತು ಅಂತಲೂ ಗೊತ್ತಾಗ್ತಿರ್ಲಿಲ್ಲ."

ವಕಾರ್ ನಮಾಜಿಗೆ ಹೋದ ಹೊತ್ತಿನಲ್ಲಿ ಪೆಟ್ಟಿಗೆಯಿಂದ ರಿಸೀವರ್ ತೆಗೆದುಕೊಂಡಿದ್ದ. ಮುಗಿದ ಮೇಲೆ ಅಲ್ಲೇ ಇಡುವ ಯೋಚನೆಯಿತ್ತು. ಆದರೆ ಕಾವಲಿನವರು ವೇದಿಕೆಯ ಹತ್ತಿರ ಯಾರನ್ನೂ ಬಿಡಲಿಲ್ಲ.

"ವಕಾರ್ ಕೆಲಸ ಹೋಗಿದ್ದು ಗೊತ್ತಿತ್ತಾ?"

"ಗೊತ್ತಿತ್ತು. ಎರಡು ಸಲ ಈ ಗೇಟ್ ತನಕ ಬಂದೆ. ಒಳಗೆ ಬಂದ್ರೆ ಕಿವಿ ವಿಷಯ ಹೇಳ್ಬೇಕಾಗ್ತಿತ್ತು. ಯಮುನಾಗೆ ಗೊತ್ತಾಗ್ತಿತ್ತು. ಆಮೇಲೆ ಯಾವ ಶೋಗೂ ಯಾರೂ ನನ್ನ ಕಳಿಸ್ತಿರ್ಲಿಲ್ಲ."

ಆಬಿದಾ ಕೊನೆಗೊಂದು ಪ್ರಶ್ನೆ ಕೇಳಿದರು. ತನಿಖೆಗೆ ಅದರ ಅಗತ್ಯವಿರಲಿಲ್ಲ. ಆ ಸಂಜೆ ಏನು ಕೇಳಿಸಿತು?

ಕೆಂಪರಾಜ್ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ.

"ಹಾಡು ಶುರು ಮಾಡೋ ಮುಂಚೆ ಅವ್ರು ಉಸಿರು ತಗೋತಾರೆ. ಇಪ್ಪತ್ತು ವರ್ಷ ಎದುರಿಗೇ ಕೂತಿದೀನಿ, ಅದನ್ನ ಯಾವತ್ತೂ ಕೇಳಿರ್ಲಿಲ್ಲ. ಪ್ರತಿ ಹಾಡಿಗೂ ಬೇರೆ ಬೇರೆ ಉಸಿರು."

ಭವ್ಯ ಅದನ್ನು ಹೇಳಿದಂತೆಯೇ ಬರೆದುಕೊಂಡಳು.

ಮಧ್ಯಾಹ್ನ ಜಗದೀಶ್ ರಿಸೀವರನ್ನು ಗುರುತಿಸಲು ಬಂದರು, ಜೊತೆಗೆ ವಕಾರ್ ಬಂದ. ಕಂಪನಿ ಅವನನ್ನು ವಾಪಸು ಕರೆದಿತ್ತು. ಕಿವಿಯ ವಿಷಯವನ್ನು ಪಿಳ್ಳಪ್ಪ ಅವನಿಗೆ ಬಾಗಿಲಲ್ಲೇ ಹೇಳಿದ್ದರು. ಬೆಂಚಿನ ಮೇಲಿದ್ದ ಕೆಂಪರಾಜ್‌ನ ಹಿಂದೆ ನಿಂತು ಅವನು ಏನೋ ಹೇಳಿದ. ಕೆಂಪರಾಜ್ ತಿರುಗಲಿಲ್ಲ. ವಕಾರ್‌ಗೆ ಆಗ ನೆನಪಾಗಿರಬೇಕು. ಬೆಂಚು ಸುತ್ತಿ ಎದುರಿಗೆ ಬಂದು ಕುಕ್ಕರಗಾಲಲ್ಲಿ ಕೂತ.

"ಮೂರು ದಿನ ನಾನಿಲ್ಲಿ ಕೂತಿದ್ದೆ ಅಣ್ಣ," ಎಂದ, ನಿಧಾನವಾಗಿ, ಒಂದೊಂದೇ ಮಾತು ಕಾಣುವಂತೆ. "ಕಿವಿ ಹೋಗ್ತಿದೆ ಅಂತ ಒಂದು ಮಾತು ಹೇಳಿದ್ರೆ ನಾನೇ ಕೊಡ್ತಿದ್ದೆ."

ಕೆಂಪರಾಜ್ ಅವನ ಕೈ ಹಿಡಿಯಲು ಹೋದ. ವಕಾರ್ ಎದ್ದು ಹೊರಗೆ ಹೋದ.

ಶುಕ್ರವಾರ ಬೆಳಿಗ್ಗೆ ಮೇಯೋ ಹಾಲ್ ನ್ಯಾಯಾಲಯಕ್ಕೆ ಕೆಂಪರಾಜ್‌ನನ್ನು ಕರೆತರಲಾಯಿತು. ಕೇಸ್ ಡೈರಿಯಲ್ಲಿ ಉದ್ದೇಶ ಬರೆಯುವಲ್ಲಿ ಆಬಿದಾ ಮೊದಲು 'ಸ್ವಂತ ಉಪಯೋಗಕ್ಕೆ' ಎಂದು ಬರೆದು ಹೊಡೆದುಹಾಕಿದ್ದರು. ಅದರ ಮುಂದೆ 'ಶ್ರವಣಶಕ್ತಿ ಪೂರ್ತಿ ಹೋಗುವ ಮುನ್ನ ಇಷ್ಟದ ಗಾಯಕಿಯ ದನಿಯನ್ನು ಒಮ್ಮೆ ಸ್ಪಷ್ಟವಾಗಿ ಕೇಳುವ ಆಸೆಯಿಂದ' ಎಂದಿತ್ತು.

ಮೊಗಸಾಲೆಯ ಬೆಂಚಿನಲ್ಲಿ ಕೆಂಪರಾಜ್ ಮತ್ತು ಯಮುನಾ ಪಕ್ಕಪಕ್ಕ ಕೂತಿದ್ದರು. 11.50ಕ್ಕೆ ಕೋರ್ಟಿನ ಜವಾನ ಬಾಗಿಲಲ್ಲಿ ನಿಂತು ಅವನ ಹೆಸರು ಕೂಗಿದ. ಅವನು ಎದುರಿನ ಗೋಡೆ ನೋಡುತ್ತಲೇ ಇದ್ದ. ಎರಡನೇ ಸಲ ಕೂಗುವ ಮೊದಲೇ ಯಮುನಾ ಅವನ ಮೊಣಕೈ ಮುಟ್ಟಿದಳು. ಅವನು ಅವಳ ಮುಖ ನೋಡಿದ.

"ಕರೀತಿದಾರೆ," ಎಂದಳು.