ಪೆಟ್ಟಿಗೆಯ ಮೇಲೊಂದು ಹೆಸರು

"ಕೈ ತೆಗೀರಿ ಅದರ ಮೇಲಿಂದ."

ಶ್ರುತಿ ಬೆಚ್ಚಿ ಹಿಂದೆ ಸರಿದಳು. ಅವಳ ದುಪಟ್ಟಾದ ಅಂಚಿಗೆ ಕೆಂಪು ಮಣ್ಣು ಮೆತ್ತಿತ್ತು. ಎದುರಿನ ಮೇಜಿನ ಮೇಲೆ ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟ ಮಿಲಿಟರಿ ಜೀಪು, ಈಗಷ್ಟೇ ಸ್ನಾನ ಮಾಡಿಸಿದ ಮಗುವಿನ ಹಾಗೆ ಹೊಳೆಯುತ್ತಿತ್ತು.

"ಧೂಳು ಕೂತಿತ್ತು... ಅದಕ್ಕೇ ಒರೆಸಿದೆ."

"ಅದು ಕೂತ ಧೂಳಲ್ಲ, ನಾನು ಕೂರಿಸಿದ್ದು. ಮಣ್ಣು ಸೋಸಿ, ಬಣ್ಣಕ್ಕೆ ಕಲಸಿ, ಚಕ್ರಕ್ಕೆಷ್ಟು, ಬಾಗಿಲಿಗೆಷ್ಟು ಅಂತ ನೋಡಿ ನೋಡಿ ಹಚ್ಚಿದ್ದು. ಯುದ್ಧಕ್ಕೆ ಹೋಗಿ ಬಂದ ಗಾಡಿ ಮದುವೆ ಕಾರಿನ ಥರ ಇರುತ್ತಾ?"

ಮಾತು ಮುಗಿದ ಮೇಲೇ ಇಬ್ಬರಿಗೂ ಗೊತ್ತಾಗಿದ್ದು, ಅವನು ಬೈದದ್ದು ಕನ್ನಡದಲ್ಲಿ. ಕೇರಳದ ಕಲ್ಪೆಟ್ಟದ ಆ ಬಾಡಿಗೆ ಸಭಾಂಗಣದ ತುಂಬ ಮಲಯಾಳಂ ಗಿಜಿಗುಡುತ್ತಿತ್ತು. ಕೋಪದ ಭರದಲ್ಲಿ ಅವನ ಬಾಯಿಗೆ ಮನೆಯ ಮಾತೇ ಬಂದುಬಿಟ್ಟಿತ್ತು.

"ನಿಮಗೆ ಕನ್ನಡ ಬರುತ್ತಾ?" ಎಂದ.

"ಬೈಸಿಕೊಂಡಿದ್ದು ಪೂರ್ತಿ ಅರ್ಥ ಆಯ್ತು."

ಅವನ ತುಟಿ ಅದುರಿತು. ಬಂದ ನಗುವನ್ನು ನುಂಗಿಕೊಂಡ.

ಅಷ್ಟರಲ್ಲಿ ಶ್ರುತಿಯ ಅಣ್ಣ ರಾಜೇಶ್ ಓಡಿ ಬಂದ. ಪುಟ್ಟ ವಿಮಾನ, ಟ್ಯಾಂಕುಗಳ ಆ ಪ್ರದರ್ಶನ ನಡೆಸುತ್ತಿದ್ದವನು ಅವನೇ. "ಎಡಾ ಚೆಲುವಾ, ಇವಳು ನನ್ನ ತಂಗಿ. ಪೋಟ್ಟೆ, ಬಿಟ್ಟುಬಿಡೋ."

"ನಿಮ್ಮ ತಂಗಿನೇ ಒರೆಸಿದ್ದು, ಅವರೇ ಮತ್ತೆ ಮಣ್ಣು ಹಚ್ಚಲಿ," ಎಂದ ಚೆಲುವರಾಜು.

"ಹಚ್ತೀನಿ," ಎಂದಳು ಶ್ರುತಿ. ಯಾಕೆ ಹಾಗಂದಳೋ ಅವಳಿಗೇ ಗೊತ್ತಾಗಲಿಲ್ಲ. ಇಷ್ಟು ಚಿಕ್ಕದಕ್ಕೆ ಇಷ್ಟೊಂದು ಕೋಪ ಮಾಡಿಕೊಳ್ಳುವವನು... ದೊಡ್ಡದನ್ನ ಎಷ್ಟು ಪ್ರೀತಿ ಮಾಡಬಹುದು?

ಶ್ರುತಿಯದು ಕಾಫಿ, ಮೆಣಸು ಬೆಳೆಯುವ ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಅಲ್ಲಿ ಯಾರೂ ಉಣ್ಣುತ್ತಿರಲಿಲ್ಲ. ಯಾವುದೋ ಕಾಲದಲ್ಲಿ ಕರ್ನಾಟಕದಿಂದ ಬಂದು ವಯನಾಡಿನಲ್ಲಿ ಬೇರು ಬಿಟ್ಟವರು. ನಡುಮನೆಯಲ್ಲಿ ರಾಜೇಶನ ಗಾಜಿನ ಬೀರು. ಅದರೊಳಗೆ ಬಾಂಬು ಹಾಕುವ ವಿಮಾನಗಳು, ಫಿರಂಗಿ ಹೊತ್ತ ಗಾಡಿಗಳು.

"ಇರುವೆ ತುಳಿದರೆ ಮರುಗೋ ಮನೆ ಇದು," ಎಂದು ಅಮ್ಮ ಕಮಲಾವತಿ ದಿನಾ ಗೊಣಗುತ್ತಿದ್ದರು, "ನಡುಮನೇಲಿ ನೋಡಿದ್ರೆ ಎರಡು ದೇಶ ಸುಡೋ ಅಷ್ಟು ಸಾಮಾನು."

ರಾಜೇಶ್ ಬಿಡಿಭಾಗಗಳ ಒಂದೊಂದು ಕಿಟ್ಟನ್ನೂ ಎರಡೆರಡು ಕೊಳ್ಳುತ್ತಿದ್ದ. ಒಂದು ಪೆಟ್ಟಿಗೆ ಒಡೆಯದೆ ಇಡುವುದಕ್ಕೆ, ಇನ್ನೊಂದು ಚೆಲುವರಾಜು ಕೂಡಿಸಿ ಬಣ್ಣ ಹೊಡೆಯುವುದಕ್ಕೆ. ಚೆಲುವರಾಜು ತೃಶ್ಶಿಲೇರಿಯ ಬೇಸಾಯದ ಮನೆಯವನು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು, ಕಾಟ್ಟಿಕುಳದ ವರ್ಕ್‌ಶಾಪಿನಲ್ಲಿ ಜೀಪು, ಆಟೋಗಳಿಗೆ ಪೇಂಟ್ ಹೊಡೆಯುತ್ತಿದ್ದ. ಪ್ರದರ್ಶನ ಮುಗಿದ ಮೇಲೆ, ಭಾನುವಾರ ಬಂದರೆ ಅವನು ಈ ಮನೆಯ ಜಗಲಿಯ ಮೇಲೆ. ಜಗಲಿ ದಾಟಿ ಒಳಗೆ ಬಾ ಎಂದು ಅವನನ್ನು ಯಾರೂ ಕರೆದಿರಲಿಲ್ಲ. ಅವನು ಕೂಡಿಸಿದ ವಿಮಾನಗಳು ಮಾತ್ರ ಸಲೀಸಾಗಿ ನಡುಮನೆಗೆ ಹೋಗುತ್ತಿದ್ದವು.

ಶ್ರುತಿ ಮೆಣಸಿನ ಬಳ್ಳಿಯ ಬುಡದ ಮಣ್ಣು ತಂದು ಸೋಸಿದಳು. ಜೀಪಿಗೆ ಮಣ್ಣು ಹಚ್ಚಿದಳು. ಅವನು ತಿದ್ದಿದ. ಮತ್ತೊಂದು ಭಾನುವಾರ ಟ್ಯಾಂಕಿಗೆ ತುಕ್ಕು ಹಿಡಿಸಿದಳು.

"ಇಲ್ಲಿ ಯಾಕೆ ತುಕ್ಕು?" ಎಂದು ಕೇಳುತ್ತಿದ್ದ.

"ನೀರು ನಿಲ್ಲೋದು ಇಲ್ಲೇ ಅಲ್ವಾ?"

"ತಲೆ ಇದೆ."

"ನಿಮಗೆ ನಾಲಿಗೆ ಇದೆ. ಒಳ್ಳೆ ಮಾತು ಮಾತ್ರ ಇಲ್ಲ."

ನಿಧಾನಕ್ಕೆ 'ನೀವು' ಹೋಗಿ 'ನೀನು' ಬಂತು. ಭಾನುವಾರ ಯಾವಾಗ ಬಂದೀತು ಎಂದು ಶ್ರುತಿ ಸೋಮವಾರದಿಂದಲೇ ಕಾಯತೊಡಗಿದಳು.

ರಾಜೇಶನ ಗೆಳೆಯರಿಗೆಲ್ಲ ಒಂದೊಂದು ಮಾಡೆಲ್ಲಿನ ಆಸೆ ಇತ್ತು. ಬತ್ತೇರಿಯ ದಂತವೈದ್ಯನಿಗೆ ತರಬೇತಿಯ ಹಳೆಯ ಜೆಟ್ ವಿಮಾನ ಬೇಕು. ನಿವೃತ್ತ ಬ್ಯಾಂಕ್ ಮ್ಯಾನೇಜರಿಗೆ ನೆರೆಯಲ್ಲಿ ಅನ್ನದ ಪೊಟ್ಟಣ ಹಾಕುವ ಹೆಲಿಕಾಪ್ಟರ್ ಬೇಕು. ಎಲ್ಲರಿಗೂ ಸೇರಿ ಬೇಕಾದದ್ದು ನಮ್ಮ ಸೇನೆಯ ಹಳೆಯ ಲಾರಿ, ಹಿಮದ ಕಣಿವೆಗಳನ್ನು ಹತ್ತುತ್ತಿದ್ದ ಗಟ್ಟಿ ಲಾರಿ. ವಿದೇಶದ ಕಂಪನಿ ವರ್ಷಕ್ಕೊಮ್ಮೆ ಹೊಸ ಮಾಡೆಲ್‌ಗಳನ್ನು ಘೋಷಿಸುವ ದಿನ ಎಲ್ಲರೂ ಫೋನು ಹಿಡಿದು ಕೂರುತ್ತಿದ್ದರು. ಮತ್ತೆ ಅದೇ ಜರ್ಮನ್ ಟ್ಯಾಂಕು. "ಮುಂದಿನ ವರ್ಷ ಖಂಡಿತ," ಎಂದು ಎದ್ದು ಹೋಗುತ್ತಿದ್ದರು. ಹೊಟ್ಟೆ ತುಂಬಿದವರ ಆಸೆಗೆ ಆಯಾಸವಿಲ್ಲ.

ಚೆಲುವರಾಜು ಕಾಯಲಿಲ್ಲ. ತೀರಿಕೊಂಡಿದ್ದ ಅವನ ಅಪ್ಪ ಗೋಪಾಲನ್ ಸೇನೆಯಲ್ಲಿ ಆ ಲಾರಿಯನ್ನೇ ಓಡಿಸುತ್ತಿದ್ದವರು. ಅಪ್ಪನ ಫೋಟೋ ಎದುರಿಗಿಟ್ಟುಕೊಂಡು, ಪ್ಲಾಸ್ಟಿಕ್ ಹಾಳೆ ಕತ್ತರಿಸಿ, ಕೈಯಿಂದಲೇ ಲಾರಿ ಕಟ್ಟತೊಡಗಿದ.

ಅದನ್ನು ನೋಡಿ ರಾಜೇಶ್ ಕುಣಿದಾಡಿದ. "ಎಡಾ, ಇದಕ್ಕೆ ಅಚ್ಚು ಹಾಕಿಸೋಣ. ನಮ್ಮವರಿಗೆಲ್ಲ ಒಂದೊಂದು ತೆಗೆಯೋಣ. ಪೆಟ್ಟಿಗೆ ಮೇಲೆ ನಿನ್ನ ಹೆಸರು. ಚೆಲುವರಾಜು, ತೃಶ್ಶಿಲೇರಿ."

ಅಂದು ಅವನ ಮುಖದಲ್ಲಿ ಕೋಪದ ಗುರುತೇ ಇರಲಿಲ್ಲ. ಶ್ರುತಿ ಅವನನ್ನು ಹಾಗೆ ನೋಡಿದ್ದು ಅದೇ ಮೊದಲು.

"ಪೆಟ್ಟಿಗೆ ಬರಲಿ," ಎಂದ, ಯಾರೂ ಇಲ್ಲದ ಹೊತ್ತು ನೋಡಿ. "ಬಂದ ಮೇಲೆ ನಿಮ್ಮ ಅಮ್ಮನ ಮುಂದೆ ನಿಂತು ನಿನ್ನನ್ನ ಕೊಡಿ ಅಂತ ಕೇಳ್ತೀನಿ."

"ಈಗಲೇ ಕೇಳಿದ್ರೆ?"

"ಈಗ ಕೇಳಿದ್ರೆ ವರ್ಕ್‌ಶಾಪ್ ಪೇಂಟರ್ ಕೇಳಿದ ಹಾಗೆ."

"ಆಗ ಕೇಳಿದ್ರೂ ನೀನೇ ತಾನೆ ಕೇಳೋದು?"

"ಅಲ್ಲ ಶ್ರುತಿ. ಆಗ ಹೆಸರಿರೋನು ಕೇಳಿದ ಹಾಗೆ. ನಿಮ್ಮ ಮನೆಯವರಿಗೆ ಹೆಸರು ಪೆಟ್ಟಿಗೆ ಮೇಲಿದ್ರೆ ಮಾತ್ರ ಓದಕ್ಕೆ ಬರೋದು."

ಅವಳಿಗೆ ಚುಚ್ಚಿತು. ಆದರೂ ಅದು ಸುಳ್ಳಲ್ಲ.

ಅದಾದ ಮುಂದಿನ ಭಾನುವಾರ ಅವನು ಅವಳಿಗೊಂದು ಬ್ರಷ್ ತಂದ. ಸೂಜಿಯಂಥ ತುದಿ. ಕಮಲಾವತಿ ಜಗಲಿಯಲ್ಲೇ ಕಾಳುಮೆಣಸು ಆರಿಸುತ್ತಿದ್ದರು.

"ನೈಲಾನ್ ಅಲ್ಲ," ಎಂದ ಹೆಮ್ಮೆಯಿಂದ, ಅವರಿಗೂ ಕೇಳಿಸುವ ಹಾಗೆ. "ಅಸಲಿ ಕೂದಲು. ಹಿಮದ ದೇಶದ ಯಾವುದೋ ಪ್ರಾಣಿಯ ಬಾಲದ್ದು. ಇದಕ್ಕಿಂತ ಒಳ್ಳೇದು ಪ್ರಪಂಚದಲ್ಲೇ ಇಲ್ಲ."

ಮಾಡೆಲ್ ಕಟ್ಟುವವರ ನಡುವೆ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಜೈನರ ಮನೆಯ ಜಗಲಿಯಲ್ಲಿ ಅದಕ್ಕಿಂತ ಕೆಟ್ಟ ಮಾತಿಲ್ಲ. ಬ್ರಷ್ಷಿಗಾಗಿ ಯಾವುದೋ ಪ್ರಾಣಿ ಸತ್ತಿದೆ ಎಂಬುದು ಅವನ ತಲೆಗೆ ಹೊಳೆದೇ ಇರಲಿಲ್ಲ.

ಕಮಲಾವತಿಯವರ ಕೈ ಮೆಣಸಿನ ಮೇಲೆ ನಿಂತಿತು. ಅವನು ಹೋದ ಮೇಲೆ ಶ್ರುತಿಯ ಕೈಯಿಂದ ಬ್ರಷ್ ತೆಗೆದುಕೊಂಡರು. "ಮನೆಯೊಳಗೆ ಬೇಡ ಮೋಳೆ," ಎಂದರು ಮಗಳಿಗೆ. "ಹೊರಗೆ ಎಲ್ಲಾದ್ರೂ ಎತ್ತಿಡ್ತೀನಿ."

ಅಮ್ಮನ ಮಾತನ್ನು ಶ್ರುತಿ ನಂಬಿದಳು.

ಲಾರಿ ಮುಗಿದ ದಿನ ಚೆಲುವರಾಜು ಅದನ್ನು ಹೊಸ ಟವೆಲಿನಲ್ಲಿ ಸುತ್ತಿಕೊಂಡು ಬಂದ. ಶ್ರುತಿ ಕಿಟಕಿಯಿಂದ ನೋಡುತ್ತಿದ್ದಳು. ಗೇಟು ದಾಟಿದವನು ಚರಂಡಿಯ ಹತ್ತಿರ ನಿಂತ. ಬಗ್ಗಿ ಏನೋ ನೋಡಿದ. ಮತ್ತೆ ಎದ್ದು ನಿಂತಾಗ ಅವನ ಮುಖ ಕಲ್ಲಾಗಿತ್ತು.

ಏನಾಯ್ತು ಇವನಿಗೆ?

ಅವಳು ಹೊರಗೆ ಬರುವಷ್ಟರಲ್ಲಿ ರಾಜೇಶ್ ಜಗಲಿಯಿಂದ ಕೂಗಿದ್ದ. "ಚೆಲುವಾ, ಬಂತು ಕಣೋ! ನಮ್ಮ ಲಾರಿ ಬಂತು. ಕಂಪನಿಯವರೇ ಮಾಡ್ತಾರಂತೆ. ಬಾಗಿಲು ತೆರೆಯುತ್ತಂತೆ, ಒಳಗೆ ಇಂಜಿನ್ ಕಾಣುತ್ತಂತೆ. ಎಷ್ಟು ವರ್ಷ ಕಾದಿದ್ವಿ."

ಚೆಲುವರಾಜು ಟವೆಲನ್ನು ಎದೆಗೆ ಹಿಡಿದುಕೊಂಡೇ ನಿಂತಿದ್ದ. "ಅಚ್ಚು?"

"ಇನ್ಯಾಕೆ ಅಚ್ಚು? ಕಂಪನಿಯದು ಸಿಗುವಾಗ ಕೈಯಲ್ಲಿ ಮಾಡಿದ್ದನ್ನ ಯಾರು ತಗೋತಾರೆ?" ರಾಜೇಶನ ಕಣ್ಣು ಫೋನಿನ ಮೇಲೇ ಇತ್ತು. ಅವನು ಕೆಟ್ಟವನಲ್ಲ. ಖುಷಿಯಲ್ಲಿದ್ದ, ಅಷ್ಟೇ. "ಬೇಜಾರು ಮಾಡ್ಕೋಬೇಡ. ಕಿಟ್ ಬಂದಾಗ ನೀನೇ ಕೂಡಿಸ್ಕೊಡು."

ಟವೆಲಿನಲ್ಲಿ ಏನಿದೆ ಎಂದು ಅವನು ಕೇಳಲೂ ಇಲ್ಲ.

ಆ ಲಾರಿಯ ಚಕ್ರಗಳಿಗೆ ಮಣ್ಣು ಹಚ್ಚಿದವಳು ಶ್ರುತಿ. "ಚೆಲುವ... ನನಗೆ ತೋರಿಸು."

ಅವನು ಅವಳ ಕಡೆ ತಿರುಗಿದ. ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು.

"ಬೇಡ ಅಂದಿದ್ರೆ ವಾಪಸ್ ಕೊಡಬಹುದಿತ್ತು. ಚರಂಡಿಗೆ ಹಾಕಬೇಕಿತ್ತಾ? ನನ್ನ ಕೈ ಮುಟ್ಟಿದ್ದು ಅಷ್ಟು ಹೊಲಸಾ?"

"ಯಾವುದು? ನಾನೇನು..."

ಅವನು ಆಗಲೇ ಗೇಟು ದಾಟಿದ್ದ.

ಅವಳು ಚರಂಡಿಯ ಹತ್ತಿರ ಓಡಿದಳು. ಕೊಳೆತ ಕಾಫಿ ಎಲೆಗಳ ನಡುವೆ ಬ್ರಷ್ ಬಿದ್ದಿತ್ತು, ಎರಡು ತುಂಡಾಗಿ.

ಫೋನು ಮಾಡಿದಳು, ಎತ್ತಲಿಲ್ಲ. ಮೆಸೇಜು ಕಳಿಸಿದಳು, ನೋಡಲಿಲ್ಲ. ಭಾನುವಾರ ಬಂತು, ಜಗಲಿ ಖಾಲಿ ಇತ್ತು. ಮತ್ತೊಂದು ಬಂತು, ಅದೂ ಹಾಗೇ ಹೋಯಿತು. ರಾಜೇಶ್ ಮಾತ್ರ ಹೊಸ ಲಾರಿಗೆ ಬೀರುವಿನಲ್ಲಿ ಜಾಗ ಮಾಡುತ್ತಿದ್ದ.

ಒಂದು ಶನಿವಾರ ಮಧ್ಯಾಹ್ನ ಕಮಲಾವತಿ ಯಾವುದೋ ಮದುವೆಗೆಂದು ಸೀರೆ ತೆಗೆದು ಮಂಚದ ಮೇಲೆ ಹರವುತ್ತಿದ್ದರು. ಶ್ರುತಿ ಬಾಗಿಲಲ್ಲಿ ನಿಂತಳು.

"ಅಮ್ಮ, ಕೂದಲಿನದು ಅಂತ ಮುರಿದು ಬಿಸಾಡಿದ್ಯಾ, ಅವನು ಕೊಟ್ಟಿದ್ದು ಅಂತ ಬಿಸಾಡಿದ್ಯಾ?"

"ಪ್ರಾಣಿ ಕೊಂದು ಮಾಡಿದ್ದು ಈ ಮನೇಲಿ ಹೇಗೆ ಇಟ್ಕೊಳೋದು?"

"ಈ ಮಾತು ಅಜ್ಜಿ ಹೇಳಿದ್ರೆ ನಂಬ್ತಿದ್ದೆ. ಅವರು ಸಾಯೋವರೆಗೂ ರೇಷ್ಮೆ ಮುಟ್ಟಲಿಲ್ಲ. ನೀನು ಕೈಯಲ್ಲಿ ಏನು ಹಿಡಿದಿದ್ದೀಯ ನೋಡು."

ಕಮಲಾವತಿ ಕೈಯಲ್ಲಿದ್ದ ರೇಷ್ಮೆ ಸೀರೆಯನ್ನು ನೋಡಿದರು. ಮಡಿಸುವುದಕ್ಕೂ ಆಗಲಿಲ್ಲ, ಕೆಳಗಿಡುವುದಕ್ಕೂ ಆಗಲಿಲ್ಲ.

"ಅವನು ನಿನ್ನ ನೋಡೋ ರೀತಿ ನನಗೆ ಕಾಣಲ್ವಾ?" ಎಂದರು ಕೊನೆಗೆ, ಮೆಲ್ಲಗೆ. "ನಾಳೆ ಬಸದಿಗೆ ಹೋದ್ರೆ ನಾಲ್ಕು ಜನ ಕೇಳ್ತಾರೆ. ನಾನೇನು ಹೇಳಲಿ?"

"ಪೇಂಟರ್ ಅಂತ ಹೇಳು. ನಿಜ ತಾನೆ."

ಶ್ರುತಿ ಚಪ್ಪಲಿ ಮೆಟ್ಟಿಕೊಂಡಳು. "ಅವನ ಹತ್ರ ಹೋಗ್ತಿದ್ದೀನಿ. ಕದ್ದು ಹೋಗ್ತಿಲ್ಲ, ಹೇಳಿ ಹೋಗ್ತಿದ್ದೀನಿ."

ಅಮ್ಮ ಹಿಂದಿನಿಂದ ಕರೆಯಲಿಲ್ಲ. ಅದೇ ಹೆಚ್ಚು ನೋಯಿಸಿತು.

ಮಾನಂದವಾಡಿಯಲ್ಲಿ ಬಸ್ಸು ಬದಲಾಯಿಸಿ, ತಿರುನೆಲ್ಲಿಯ ಬಸ್ಸು ಹತ್ತಿ ಕಾಟ್ಟಿಕುಳದಲ್ಲಿ ಇಳಿದಾಗ ಬಿಸಿಲು ಹಳದಿಯಾಗಿತ್ತು. ಚೆಲುವರಾಜು ಯಾವುದೋ ಜೀಪಿನ ಬಾಗಿಲನ್ನು ಮರಳುಕಾಗದದಿಂದ ಉಜ್ಜುತ್ತಿದ್ದ. ಬಾಗಿಲ ಮೇಲೆ ಹಗೆ ಇದ್ದವನ ಹಾಗೆ.

ವರ್ಕ್‌ಶಾಪಿನ ಹಿರಿಯ, ಕುಮಾರನ್ ಚೇಟ್ಟನ್, ಅವಳನ್ನು ನೋಡಿದರು, ಅವನನ್ನು ನೋಡಿದರು. "ನಾನು ಒಂದು ಚಾಯ ಕುಡಿದು ಬರ್ತೀನಿ," ಎಂದು ಟವೆಲು ಕೊಡವಿದರು. "ಎರಡು ಕುಡಿದರೂ ಕುಡಿದೆ."

ಅವರು ಹೋದ ಮೇಲೂ ಮರಳುಕಾಗದದ ಸದ್ದು ನಿಲ್ಲಲಿಲ್ಲ.

"ಬ್ರಷ್ ಬಿಸಾಡಿದ್ದು ನಾನಲ್ಲ," ಎಂದಳು ಶ್ರುತಿ.

ಸದ್ದು ನಿಂತಿತು.

"ಅಮ್ಮ ಬಿಸಾಡಿದ್ದು. ಎತ್ತಿಡ್ತೀನಿ ಅಂದ್ರು, ನಾನು ನಂಬಿದೆ. ಪ್ರಾಣಿ ಕೂದಲು ನಮ್ಮ ಮನೆಗೆ ಆಗಲ್ಲ ಚೆಲುವ. ಅದು ನಿಜ. ಆದ್ರೆ ನೀನು ತಂದಿದ್ದು ಅನ್ನೋದೂ ಸೇರಿತ್ತು. ಅದೂ ನಿಜ. ನಿನ್ನ ಸಮಾಧಾನಕ್ಕೆ ನಾನು ಸುಳ್ಳು ಹೇಳಲ್ಲ."

"ನನಗೆ ಗೊತ್ತಿರಲಿಲ್ಲ... ಕೂದಲಿನ ವಿಷಯ." ಅವನು ತಲೆ ಬಗ್ಗಿಸಿದ. "ಗೊತ್ತಿದ್ರೆ ತರ್ತಾನೇ ಇರಲಿಲ್ಲ."

"ನನಗೆ ಗೊತ್ತಿತ್ತು. ಅಲ್ಲೇ ಹೇಳಿದ್ರೆ ನಿನ್ನ ಮುಖ ಸಣ್ಣ ಆಗುತ್ತೆ ಅಂತ ಸುಮ್ಮನಿದ್ದೆ." ಅವಳು ಸುತ್ತ ನೋಡಿದಳು. "ಲಾರಿ ಎಲ್ಲಿ?"

"ಒಲೆಗೆ ಹಾಕಿದೆ."

ಅವಳ ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲಿಲ್ಲ.

"ಅಳಬೇಡ," ಎಂದ. "ಅಪ್ಪನ ಫೋಟೋ ನೋಡಿಕೊಂಡು ಎರಡು ಮಳೆಗಾಲ ಕಟ್ಟಿದ್ದು. ಅವರೆಲ್ಲ ಆಸೆಪಟ್ಟಿದ್ದು ನೆರವೇರಿದ ದಿನ ನನ್ನದು ಕಸ ಆಯ್ತು. ಕೋಪ ಬಂತು... ಹಾಕಿಬಿಟ್ಟೆ. ಇನ್ನು ಪೆಟ್ಟಿಗೆ ಇಲ್ಲ, ಹೆಸರಿಲ್ಲ. ಯಾವ ಮುಖ ಇಟ್ಕೊಂಡು ನಿಮ್ಮ ಮನೆಗೆ ಬರಲಿ?"

"ಇರೋ ಮುಖ ಇಟ್ಕೊಂಡೇ ಬಾ."

"ಬೇಡ ಅಂತಾರೆ."

"ಅಂತಾರೆ. ಅಣ್ಣನೂ ಅಂತಾನೆ. ನಾನು ಓಡಿ ಬಂದಿಲ್ಲ ಚೆಲುವ, ಇವತ್ತು ಮನೆಗೇ ವಾಪಸ್ ಹೋಗ್ತೀನಿ. ನಾಳೆ ನೀನು ಬಂದು ಕೇಳು. ಜಗಲಿ ಮೇಲಲ್ಲ, ನಡುಮನೆಗೆ ಬಂದು ಕೇಳು. ಅವರು ಬೇಡ ಅಂದ ಮೇಲೆ ನಾನು ನಿನ್ನ ಜೊತೆ ಹೊರಡ್ತೀನಿ. ಹೇಳದೆ ಬಿಟ್ಟು ಬಂದಳು ಅನ್ನೋ ಮಾತು ಮಾತ್ರ ನನಗೆ ಬೇಡ."

"ಅವರು ಏನಾದ್ರೂ ಅಂದ್ರೆ ನನಗೆ ಕೋಪ ಬರುತ್ತೆ ಶ್ರುತಿ."

"ಬರಲಿ. ನನಗೂ ಬರುತ್ತೆ. ನಿನ್ನದು ಪೆಟ್ಟಿಗೆ ಸಿಗದ್ದಕ್ಕೆ, ನನ್ನದು ನೀನು ಪೆಟ್ಟಿಗೆಗೆ ಕಾದಿದ್ದಕ್ಕೆ. ನಾನು ಇಷ್ಟಪಟ್ಟಿದ್ದು ಬೈದವನನ್ನ. ಅವನ ಹೆಸರು ನನಗೆ ಆವತ್ತು ಗೊತ್ತೂ ಇರಲಿಲ್ಲ."

ಅವನು ಅವಳನ್ನೇ ನೋಡಿದ. ಆಮೇಲೆ ರಸ್ತೆಯಾಚೆ ಇಳಿಯುತ್ತಿದ್ದ ಸೂರ್ಯನನ್ನು ನೋಡಿದ. ಕೈಯಲ್ಲಿದ್ದ ಮರಳುಕಾಗದ ಎಸೆದು ಥಟ್ಟನೆ ಎದ್ದ.

"ಊಟ ಮಾಡಿದ್ಯಾ?"

"ಇಲ್ಲ. ಮನೇಲಿ ಜಗಳ ಆಡಿ ಬಂದೆ."

"ಹೊತ್ತು ಮುಳುಗಿದ್ರೆ ಮತ್ತೆ ನೀನು ಏನೂ ತಿನ್ನಲ್ಲ."

ಉತ್ತರಕ್ಕೂ ಕಾಯದೆ ಎದುರಿನ ಅಂಗಡಿಗೆ ಓಡಿದ. ನೇಂದ್ರ ಬಾಳೆಹಣ್ಣು ಹಿಡಿದು ಏದುಸಿರು ಬಿಡುತ್ತ ಬಂದ. ಹಳೆಯ ಟೈರೊಂದನ್ನು ಒರೆಸಿ ಅವಳನ್ನು ಕೂರಿಸಿದ.

"ಬೇಗ ತಿನ್ನು. ಸೂರ್ಯ ಮರದ ಹಿಂದೆ ಹೋಗ್ತಿದ್ದಾನೆ. ಆಮೇಲೆ ಬೈಕಲ್ಲಿ ಗೇಟಿನವರೆಗೂ ಬಿಟ್ಟು ಬರ್ತೀನಿ."

"ನೀನು?"

"ನಾನು ರಾತ್ರಿ ಉಣ್ಣೋನು. ನನಗೇನು ಅವಸರ?"

"ಇನ್ನು ಮೇಲೆ ನಿನಗೂ ಅವಸರವೇ," ಎಂದಳು ಶ್ರುತಿ, ಒಂದು ಹಣ್ಣು ಅವನ ಕಡೆ ಚಾಚಿ. "ಒಬ್ಬಳೇ ತಿನ್ನಕ್ಕೆ ನನಗೆ ಬೇಜಾರು."

ಚೆಲುವರಾಜು ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತ. ಸಿಪ್ಪೆ ಸುಲಿದು ಹಣ್ಣನ್ನು ಅವಳಿಗೇ ಕೊಟ್ಟು, ತನಗೆ ಇನ್ನೊಂದು ತೆಗೆದುಕೊಂಡ.

"ಶರಿ," ಎಂದ. "ಇವತ್ತಿಂದಲೇ."